ಓದುಗರ ಪ್ರಶ್ನೆ: ಎಂಪಿ3 ಹಾಡುಗಳನ್ನು ಮನೆಯಲ್ಲೇ ಸಿಡಿಗೆ ಬರೆಯುವ ಬಗೆ

ಹಳೆಯ ಕ್ಯಾಸೆಟ್‌ಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಮುಂದಿನ ಹೆಜ್ಜೆಯನ್ನು ಕುರಿತವು. ಹಾಗೆ ಇಳಿಸಿಕೊಂಡ ಅಥವಾ ಮೊದಲಿನಿಂದಲೂ ಎಂಪಿ3 ರೂಪದಲ್ಲೇ ಇರುವ ಹಾಡುಗಳನ್ನು ಸಿಡಿಗೆ ಬರೆಯುವುದು ಹೇಗೆ ಎಂದು ಹಲವರು ಕೇಳಿದ್ದಾರೆ. ಮೊಬೈಲಿನ ಈ ಕಾಲದಲ್ಲಿ ಸಿಡಿ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಆದರೆ ಮನೆಯ ಹಿರಿಯರ ಕೈಗೆ ಒಗ್ಗಿರುವ ಪ್ಲೇಯರ್, ಹದಿನೈದು ವರ್ಷ ಹಳೆಯದಾದರೂ ಚೆನ್ನಾಗಿ ಓಡುತ್ತಿರುವ ಕಾರು, ಊರಿನ ಭಜನಾ ಮಂದಿರದಲ್ಲಿ ಧ್ವನಿವರ್ಧಕಕ್ಕೆ ಜೋಡಿಸಿಟ್ಟ ಡಿವಿಡಿ ಪ್ಲೇಯರ್ ಇವೆಲ್ಲ ಇಂದಿಗೂ ಸಿಡಿಯನ್ನೇ ಬೇಡುತ್ತವೆ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತೆಂಟು ವರ್ಷ. ಅವರ ಮಂಚದ ಪಕ್ಕದಲ್ಲಿರುವ ಸಿಡಿ ಪ್ಲೇಯರಿನಲ್ಲಿ ಕೇಳಿಸಲೆಂದು ನನ್ನ ಬಳಿಯಿರುವ ಭಾವಗೀತೆಗಳನ್ನು ಸಿಡಿಗೆ ಬರೆಯಲು ಹೊರಟೆ. 120 ಎಂಪಿ3 ಹಾಡುಗಳು ಸೇರಿ 540 ಎಂಬಿ ಆಗುತ್ತವೆ. ಸಿಡಿಯ ಮೇಲೆ 700 ಎಂಬಿ ಎಂದಿದೆ. ಆದರೂ 17 ಹಾಡು ಸೇರಿಸುವಷ್ಟರಲ್ಲಿ ಜಾಗ ಮುಗಿಯಿತು ಎಂದು ಕಂಪ್ಯೂಟರ್ ಹೇಳುತ್ತದೆ. ಇದೇಕೆ ಹೀಗೆ? (ಓದುಗರು, ಸಾಗರ)

ಉತ್ತರ: ನಿಮ್ಮ ಲೆಕ್ಕವೂ ಸರಿ, ಕಂಪ್ಯೂಟರಿನ ಲೆಕ್ಕವೂ ಸರಿ. ನೀವು ಎಂಬಿಯಲ್ಲಿ ಎಣಿಸಿದ್ದೀರಿ, ಅದು ನಿಮಿಷದಲ್ಲಿ ಎಣಿಸಿದೆ. ಸಿಡಿಗೆ ಹಾಡು ಬರೆಯುವುದಕ್ಕೆ ಎರಡು ಬೇರೆ ಬೇರೆ ವಿಧಾನಗಳಿವೆ. ನನಗೆ ಬರುವ ಪತ್ರಗಳಲ್ಲಿರುವ ತೊಡಕುಗಳ ಪೈಕಿ ಬಹುಪಾಲು ಹುಟ್ಟುವುದು ಈ ಎರಡರ ನಡುವಣ ಗೊಂದಲದಿಂದಲೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲನೆಯದು ಆಡಿಯೊ ಸಿಡಿ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿ, 1982ರಲ್ಲಿ ಮಾರುಕಟ್ಟೆಗೆ ಬಂದ ಮೂಲ ಸಿಡಿ ಇದೇ. ಇದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂದು ಬೇರೆ ಬೇರೆಯಾಗಿ ಬರೆದಿಡಲಾಗುತ್ತದೆ. ಗುಣಿಸಿ ನೋಡಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ, ಅಂದರೆ ಒಂದು ನಿಮಿಷದ ಹಾಡಿಗೆ ಹತ್ತು ಎಂಬಿಗಿಂತ ತುಸು ಹೆಚ್ಚು. ಇಲ್ಲಿ ಎಂಪಿ3ಯಂತೆ ಕುಗ್ಗಿಸಿದ ಧ್ವನಿಗೆ ಎಡೆಯೇ ಇಲ್ಲ. ನೀವು ಎಂಪಿ3 ಫೈಲನ್ನೇ ಕೊಟ್ಟರೂ ಬರೆಯುವ ಸಾಫ್ಟ್‌ವೇರ್ ಅದನ್ನು ಮೊದಲು ಬಿಚ್ಚಿ, ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಅನಂತರವೇ ಸಿಡಿಗೆ ಇಳಿಸುತ್ತದೆ. ಹೀಗಾಗಿ 700 ಎಂಬಿ ಎಂದು ನಮೂದಿಸಿದ ಸಿಡಿಯಲ್ಲಿ 80 ನಿಮಿಷಗಳಷ್ಟು ಮಾತ್ರ ಹಿಡಿಸುತ್ತದೆ, ಫೈಲು ಎಷ್ಟೇ ಸಣ್ಣದಿದ್ದರೂ ಈ ಮಿತಿ ಬದಲಾಗುವುದಿಲ್ಲ. ನಿಮ್ಮ ಹಾಡುಗಳು 128 ಕೆಬಿಪಿಎಸ್ ಬಿಟ್‌ರೇಟಿನವಾಗಿದ್ದರೆ, ಅಂದರೆ ಸೆಕೆಂಡಿಗೆ 128 ಸಾವಿರ ಬಿಟ್‌ಗಳನ್ನು ಬಳಸುವಂಥವಾಗಿದ್ದರೆ, ಒಂದೊಂದೂ ಸರಾಸರಿ ನಾಲ್ಕೂಮುಕ್ಕಾಲು ನಿಮಿಷದ ಹತ್ತಿರ ಬರುತ್ತದೆ, ಹದಿನೇಳು ಹಾಡಿಗೆ 80 ನಿಮಿಷ ತುಂಬಿಬಿಡುತ್ತದೆ.

ಎರಡನೆಯದು ಡೇಟಾ ಸಿಡಿ. ಅಂಗಡಿಗಳಲ್ಲಿ ಎಂಪಿ3 ಸಿಡಿ ಎಂದು ಮಾರುತ್ತಿದ್ದದ್ದು ಇದನ್ನೇ. ಇಲ್ಲಿ ಎಂಪಿ3 ಫೈಲುಗಳನ್ನು ಬಿಚ್ಚದೆ, ಪತ್ರಗಳನ್ನೋ ಫೋಟೊಗಳನ್ನೋ ನಕಲು ಮಾಡುವಂತೆ ಇದ್ದ ಹಾಗೆಯೇ ಬರೆಯಲಾಗುತ್ತದೆ. ನಿಮ್ಮ 120 ಹಾಡುಗಳೂ ಒಂದೇ ಸಿಡಿಯಲ್ಲಿ ಕುಳಿತು ಇನ್ನೂ ಮೂವತ್ತು ಹಾಡುಗಳಿಗೆ ಜಾಗ ಉಳಿಯುತ್ತದೆ. ಆದರೆ ಫೈಲನ್ನು ಬಿಚ್ಚುವ ಕೆಲಸ ಆಗ ಪ್ಲೇಯರಿನ ಪಾಲಿಗೆ ಬರುತ್ತದೆ. ಆ ವಿದ್ಯೆ ಅದಕ್ಕೆ ಗೊತ್ತಿರಬೇಕು. ತಂದೆಯವರ ಪ್ಲೇಯರಿನ ಮುಂಭಾಗದಲ್ಲಿ ಅಥವಾ ಮುಚ್ಚಳದ ಮೇಲೆ ಎಂಪಿ3 ಎಂಬ ಗುರುತು ಇದೆಯೇ ನೋಡಿ. ಇದ್ದರೆ ಎರಡೂ ಬಗೆಯ ಸಿಡಿ ನಡೆಯುತ್ತದೆ. ‘ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೊ’ ಎಂಬ ಗುರುತು ಮಾತ್ರ ಇದ್ದರೆ ಆಡಿಯೊ ಸಿಡಿಯೊಂದೇ ದಾರಿ.

ವಿಂಡೋಸ್ ಕಂಪ್ಯೂಟರಿನಲ್ಲಿರುವ ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನ ಬಲಬದಿಯಲ್ಲಿ ‘ಬರ್ನ್’ ಎಂಬ ವಿಭಾಗವಿದೆ. ಅದರ ಮೂಲೆಯಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿದರೆ ‘ಆಡಿಯೊ ಸಿಡಿ’ ಮತ್ತು ‘ಡೇಟಾ ಸಿಡಿ ಆರ್ ಡಿವಿಡಿ’ ಎಂಬ ಎರಡು ಆಯ್ಕೆಗಳು ಕಾಣುತ್ತವೆ. ನಿಮ್ಮಲ್ಲಿ ಮೊದಲನೆಯದು ಆಯ್ಕೆಯಾಗಿದೆ, ಅದರಿಂದಲೇ ಹದಿನೇಳಕ್ಕೆ ನಿಂತಿದೆ. ಲಿನಕ್ಸ್ ಬಳಸುವವರಿಗೆ ಕೆ3ಬಿ ಮತ್ತು ಬ್ರಸೇರೊ ಎಂಬ ಸಿಡಿ ಬರೆಯುವ ಸಾಫ್ಟ್‌ವೇರುಗಳಿವೆ. ಅವುಗಳಲ್ಲಿಯೂ ಇದೇ ಎರಡು ಆಯ್ಕೆಗಳು ಆರಂಭದಲ್ಲೇ ಎದುರಾಗುತ್ತವೆ.

ಇಷ್ಟು ಹೇಳಿದ ಮೇಲೆ ನನ್ನ ಸಲಹೆಯೊಂದಿದೆ. ಪ್ಲೇಯರಿನಲ್ಲಿ ಎಂಪಿ3 ಗುರುತು ಇದ್ದರೂ ತಂದೆಯವರಿಗೆ ಎಂಟು ಆಡಿಯೊ ಸಿಡಿಗಳನ್ನೇ ಮಾಡಿಕೊಡಿ. 120 ಹಾಡುಗಳಿರುವ ಸಿಡಿಯಲ್ಲಿ ತಮಗೆ ಬೇಕಾದ ಹಾಡು ಎಂಬತ್ತಮೂರನೆಯದಾಗಿದ್ದರೆ ಅವರು ಅಷ್ಟು ಸಲ ಗುಂಡಿ ಒತ್ತಬೇಕಾಗುತ್ತದೆ. ಹದಿನೈದು ಹದಿನಾರು ಹಾಡುಗಳ ಸಿಡಿಯಾದರೆ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಪಟ್ಟಿ ಬರೆದಿಡಬಹುದು; ಕನ್ನಡಕ ಹಾಕಿಕೊಂಡು ಅವರೇ ನೋಡಿ, ಅವರೇ ಹಾಕಿಕೊಂಡು ಕೇಳುತ್ತಾರೆ.

ಪ್ರಶ್ನೆ: 128 ಕೆಬಿಪಿಎಸ್ ಹಾಡನ್ನು 320ಕ್ಕೆ ಬದಲಾಯಿಸಿ ಬರೆದರೆ, ಅಥವಾ ಆಡಿಯೊ ಸಿಡಿಯಾಗಿ ಬರೆದರೆ ಧ್ವನಿ ಸುಧಾರಿಸುವುದೇ? (ವಿದ್ಯಾರ್ಥಿ, ತುಮಕೂರು)

ಉತ್ತರ: ಇಲ್ಲ. ಜೋರಾದ ಸದ್ದಿನ ನೆರಳಿನಲ್ಲಿ ನಮ್ಮ ಕಿವಿಗೆ ಬೀಳದೆ ಹೋಗುವ ಸಣ್ಣ ಸದ್ದುಗಳನ್ನು ಗುರುತಿಸಿ, ಅವುಗಳನ್ನು ಬಿಟ್ಟುಬಿಡುವುದರಿಂದಲೇ ಎಂಪಿ3 ಫೈಲು ಚಿಕ್ಕದಾಗುತ್ತದೆ. ಹಾಗೆ ಬಿಟ್ಟದ್ದು ಮತ್ತೆಲ್ಲಿಯೂ ಉಳಿದಿರುವುದಿಲ್ಲ. ಬಸಿದ ಅನ್ನಕ್ಕೆ ಎಷ್ಟು ನೀರು ಸುರಿದರೂ ಬಸಿದುಹೋದ ಗಂಜಿ ಮರಳಿ ಬರುವುದಿಲ್ಲ. 128ರಿಂದ 320ಕ್ಕೆ ಬದಲಾಯಿಸಿದರೆ ಎರಡನೆಯ ಸಲ ಬಸಿದಂತಾಗುತ್ತದೆ. ಫೈಲು ಎರಡೂವರೆ ಪಟ್ಟು ದೊಡ್ಡದಾಗುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಮೂಲ ಸಿಡಿಯೋ ಕ್ಯಾಸೆಟ್ಟೋ ಕೈಯಲ್ಲಿದ್ದರೆ ಅದರಿಂದಲೇ ಹೊಸದಾಗಿ ಹೆಚ್ಚಿನ ಬಿಟ್‌ರೇಟಿನಲ್ಲಿ ಇಳಿಸಿಕೊಳ್ಳಿ.

ಪ್ರಶ್ನೆ: ನನ್ನ ಕಾರಿನ ಪ್ಲೇಯರಿನಲ್ಲಿ ಎಂಪಿ3 ಗುರುತು ಇದೆ. ಮನೆಯಲ್ಲಿ ಬರೆದ ಸಿಡಿ ಕಂಪ್ಯೂಟರಿನಲ್ಲಿ ಚೆನ್ನಾಗಿ ಹಾಡುತ್ತದೆ, ಕಾರಿನಲ್ಲಿ ಹಾಕಿದರೆ ಸ್ವಲ್ಪ ಹೊತ್ತು ತಿರುಗಿ ಹೊರಗೆ ಬರುತ್ತದೆ. ಮೂರು ಸಿಡಿ ಹಾಳಾದವು. (ಓದುಗರು, ಹುಬ್ಬಳ್ಳಿ)

ಉತ್ತರ: ಮೂರೂ ಹಾಳಾಗಿವೆ ಎಂದು ಈಗಲೇ ಎಸೆಯಬೇಡಿ. ಖಾಲಿ ಸಿಡಿಯನ್ನು ಡ್ರೈವಿಗೆ ಹಾಕಿದೊಡನೆ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಈ ಸಿಡಿಯನ್ನು ಹೇಗೆ ಬಳಸುತ್ತೀರಿ, ‘ಲೈಕ್ ಎ ಯುಎಸ್‌ಬಿ ಫ್ಲ್ಯಾಶ್ ಡ್ರೈವ್’ ಎಂದೋ ‘ವಿತ್ ಎ ಸಿಡಿ/ಡಿವಿಡಿ ಪ್ಲೇಯರ್’ ಎಂದೋ? ಪೆನ್‌ಡ್ರೈವ್ ಪರಿಚಿತವಾಗಿರುವುದರಿಂದ ಬಹಳ ಜನ ಮೊದಲನೆಯದನ್ನೇ ಒತ್ತುತ್ತಾರೆ. ಆಗ ಸಿಡಿ ಫೈಲುಗಳನ್ನು ಜೋಡಿಸಿಡುವ ಯುಡಿಎಫ್ ಎಂಬ ಬೇರೆಯೇ ವ್ಯವಸ್ಥೆಯಲ್ಲಿ ಸಿದ್ಧವಾಗುತ್ತದೆ. ಕಂಪ್ಯೂಟರಿಗೆ ಅದು ಅರ್ಥವಾಗುತ್ತದೆ, ಆದರೆ ಐಎಸ್‌ಒ 9660 ಎಂಬ ಹಳೆಯ ಕ್ರಮವನ್ನಷ್ಟೇ ಬಲ್ಲ ಕಾರಿನ ಪ್ಲೇಯರಿಗೆ ಅದು ಖಾಲಿ ಸಿಡಿಯಂತೆಯೇ ತೋರುತ್ತದೆ. ನೀವು ವಿವರಿಸಿರುವ ಲಕ್ಷಣ ನೋಡಿದರೆ ನಿಮ್ಮಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ. ಎರಡನೆಯ ಆಯ್ಕೆಯನ್ನು ಒತ್ತಿ ಹೊಸ ಸಿಡಿಗೆ ಬರೆಯಿರಿ. ಹಳೆಯ ಮೂರರಲ್ಲಿರುವ ಹಾಡುಗಳು ಕಂಪ್ಯೂಟರಿನಲ್ಲಿ ಎಂದಿನಂತೆ ಕೇಳುತ್ತವೆ.

ಅದರ ಬಳಿಕವೂ ಕಾರು ಒಪ್ಪದಿದ್ದರೆ ಇನ್ನೆರಡು ಸಂಗತಿಗಳನ್ನು ಪರೀಕ್ಷಿಸಿ. ಅಳಿಸಿ ಮತ್ತೆ ಬರೆಯಬಲ್ಲ ಸಿಡಿ-ಆರ್‌ಡಬ್ಲ್ಯು ತಂದಿದ್ದರೆ ಅದು ಬೆಳಕನ್ನು ಬಹಳ ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರುಗಳು ಅದನ್ನು ಓದಲು ಹೆಣಗುತ್ತವೆ. ಕಾರಿಗೆ ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ಇರಲಿ. ಹಾಗೆಯೇ ಹಾಡುಗಳ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ಎಂ4ಎ ಎಂದೋ ಒಪಸ್ ಎಂದೋ ಫ್ಲ್ಯಾಕ್ ಎಂದೋ ಇದ್ದರೆ ಅವು ಎಂಪಿ3 ಅಲ್ಲ. ಹೆಸರಿನ ಬಾಲವನ್ನಷ್ಟೇ ಅಳಿಸಿ ಎಂಪಿ3 ಎಂದು ತಿದ್ದಿದ ಓದುಗರೊಬ್ಬರು ಹಿಂದೊಮ್ಮೆ ಪತ್ರ ಬರೆದಿದ್ದರು; ಡಬ್ಬಿಯ ಚೀಟಿ ಬದಲಾದರೆ ಒಳಗಿನ ಪದಾರ್ಥ ಬದಲಾಗುವುದಿಲ್ಲ. ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಎಂಪಿ3 ಆಗಿ ಉಳಿಸಿದರೆ ಮಾತ್ರ ಅದು ನಿಜವಾಗಿ ಎಂಪಿ3 ಆಗುತ್ತದೆ.

ವೇಗದ ಬಗ್ಗೆಯೂ ಒಂದು ಮಾತು. 80 ನಿಮಿಷದ ಸಿಡಿಯನ್ನು 16 ಪಟ್ಟು ವೇಗದಲ್ಲಿ ಬರೆದರೆ ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. 52 ಪಟ್ಟು ವೇಗದಲ್ಲಿ ಬರೆದು ಉಳಿಸುವ ಎರಡು ಮೂರು ನಿಮಿಷಗಳಿಗಾಗಿ, ಗುಂಡಿ ಗುಂಡಿ ರಸ್ತೆಯಲ್ಲಿ ಅಲುಗಾಡುತ್ತ ಓದಬೇಕಾದ ಸಿಡಿಯ ಗುಣಮಟ್ಟವನ್ನು ಪಣಕ್ಕಿಡುವುದು ಬೇಡ.

ಪ್ರಶ್ನೆ: ಎಂಪಿ3 ಸಿಡಿಯಲ್ಲಿ ಹಾಡುಗಳು ನಾನು ಜೋಡಿಸಿದ ಕ್ರಮದಲ್ಲಿ ಬರುವುದಿಲ್ಲ. ಕನ್ನಡದಲ್ಲಿ ಕೊಟ್ಟ ಹೆಸರುಗಳ ಬದಲು ಪ್ಲೇಯರಿನಲ್ಲಿ ಚೌಕಗಳು ಕಾಣುತ್ತವೆ. (ಶಿಕ್ಷಕರು, ಚಿತ್ರದುರ್ಗ)

ಉತ್ತರ: ಹೆಚ್ಚಿನ ಪ್ಲೇಯರುಗಳು ಫೈಲಿನ ಹೆಸರಿನ ಅಕಾರಾದಿ ಕ್ರಮದಲ್ಲಿ ಹಾಡುತ್ತವೆ. ಆದ್ದರಿಂದ ಪ್ರತಿ ಹೆಸರಿನ ಮೊದಲಿಗೆ 01, 02, 03 ಎಂದು ಸಂಖ್ಯೆ ಕೊಡಿ. ಮುಂದಿನ ಸೊನ್ನೆಯನ್ನು ಬಿಟ್ಟರೆ 1ರ ಬಳಿಕ 10 ಬಂದು, 2 ಎಲ್ಲೋ ಹಿಂದೆ ಬೀಳುತ್ತದೆ. ನೂರಕ್ಕಿಂತ ಹೆಚ್ಚು ಹಾಡುಗಳಿದ್ದರೆ 001ರಿಂದ ಆರಂಭಿಸಿ.

ಕನ್ನಡದ ಹೆಸರುಗಳು ಸಿಡಿಯಲ್ಲಿ ಸರಿಯಾಗಿಯೇ ದಾಖಲಾಗಿರುತ್ತವೆ. ಮೈಕ್ರೋಸಾಫ್ಟ್ ರೂಪಿಸಿದ ಜೋಲಿಯೆಟ್ ಎಂಬ ಕ್ರಮ ಯೂನಿಕೋಡಿನಲ್ಲಿ ಬರೆದ ಕನ್ನಡವನ್ನೂ ಒಪ್ಪುತ್ತದೆ, ಹೆಸರು 64 ಚಿಹ್ನೆಗಳನ್ನು ಮೀರಬಾರದು ಅಷ್ಟೆ. ಈ ಮಿತಿ ಕನ್ನಡಕ್ಕೆ ಬೇಗ ಮುಗಿಯುತ್ತದೆ ಎನ್ನುವುದನ್ನು ಗಮನಿಸಬೇಕು. ‘ಕೃಷ್ಣಾರ್ಜುನ’ ಎಂಬ ಪದ ನಮ್ಮ ಎಣಿಕೆಯಲ್ಲಿ ನಾಲ್ಕೇ ಅಕ್ಷರ. ಒತ್ತು, ಕೊಂಬು, ದೀರ್ಘಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವ ಕಂಪ್ಯೂಟರಿಗೆ ಅದು ಹನ್ನೊಂದು. ಇನ್ನು ತೋರಿಸುವ ಕೆಲಸ ಪ್ಲೇಯರಿನದು. ಅದರೊಳಗೆ ಕನ್ನಡದ ಅಕ್ಷರರೂಪಗಳನ್ನು ಇಟ್ಟಿಲ್ಲವಾದ್ದರಿಂದ ಅದು ಚೌಕಗಳನ್ನು ತೋರಿಸುತ್ತದೆ. ನಮ್ಮ ಲಿಪಿಗೆ ಇಲ್ಲಿಯೂ ಜಾಗ ಸಿಗಲಿಲ್ಲವಲ್ಲ ಎಂದು ನನಗೆ ಬೇಸರವಿದೆ. ಸದ್ಯಕ್ಕೆ ಪ್ಲೇಯರಿಗಾಗಿ ಬರೆಯುವ ಸಿಡಿಯಲ್ಲಿ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರು ಕೊಡಿ, ಕನ್ನಡದ ಹೆಸರುಗಳಿರುವ ಪ್ರತಿಯನ್ನು ಕಂಪ್ಯೂಟರಿನಲ್ಲಿ ಹಾಗೆಯೇ ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ದೊಡ್ಡಪ್ಪನವರು ಭಾಗವತಿಕೆ ಮಾಡಿದ ತಾಳಮದ್ದಳೆಗಳ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ತುಂಡು ತುಂಡು ಮಾಡಿ ಎಂಪಿ3 ಆಗಿ ಉಳಿಸಿ, ಆಡಿಯೊ ಸಿಡಿಗೆ ಬರೆದೆ. ಪ್ರತಿ ತುಂಡಿನ ಕೊನೆಗೂ ಧ್ವನಿ ಕಡಿದುಹೋಗಿ ಎರಡು ಸೆಕೆಂಡು ಮೌನ ಬರುತ್ತದೆ. ಪದ್ಯದ ನಡುವೆ ಹೀಗಾದರೆ ಕೇಳಲು ಹಿಂಸೆಯಾಗುತ್ತದೆ. (ಓದುಗರು, ಹೊನ್ನಾವರ)

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಹತ್ತಿರವೆನಿಸಿದ್ದು ನಿಮ್ಮದು. ಭಾಗವತರು ಪದ್ಯವನ್ನು ಎತ್ತಿಕೊಂಡು, ಮದ್ದಳೆ ಅದರ ಬೆನ್ನಿಗೆ ಬಿದ್ದು, ತಾಳ ಇನ್ನೇನು ಮುಕ್ತಾಯಕ್ಕೆ ಬರಬೇಕು ಎನ್ನುವಾಗ ಎರಡು ಸೆಕೆಂಡು ಏನೂ ಇಲ್ಲವೆಂದರೆ, ಲಯ ಬಲ್ಲವರಿಗೆ ಅದು ಕಾಲು ಜಾರಿದಂತೆ.

ಎರಡು ಸೆಕೆಂಡಿನ ಮೌನವನ್ನು ತೆಗೆಯುವುದು ಸುಲಭ. ಬಿಡಿ ಹಾಡುಗಳಿರುತ್ತವೆ ಎಂದು ಭಾವಿಸಿ ಬರೆಯುವ ಸಾಫ್ಟ್‌ವೇರ್ ತಾನಾಗಿಯೇ ಅದನ್ನು ಸೇರಿಸುತ್ತದೆ. ವಿಂಡೋಸ್ ಮೀಡಿಯಾ ಪ್ಲೇಯರಿನ ಬರ್ನ್ ಆಯ್ಕೆಗಳಲ್ಲಿ ‘ಬರ್ನ್ ಸಿಡಿ ವಿದೌಟ್ ಗ್ಯಾಪ್ಸ್’ ಎಂಬುದಕ್ಕೆ ಗುರುತು ಹಾಕಿ. ಬೇರೆ ಸಾಫ್ಟ್‌ವೇರುಗಳಲ್ಲಿ ‘ಡಿಸ್ಕ್ ಅಟ್ ಒನ್ಸ್’ ಎಂಬುದನ್ನು ಆರಿಸಿ, ಟ್ರ್ಯಾಕುಗಳ ನಡುವಿನ ಅಂತರವನ್ನು ಸೊನ್ನೆಗೆ ಇಳಿಸಿ.

ಆದರೂ ಜೋಡಣೆಯಲ್ಲಿ ಕಣ್ಣು ಮಿಟುಕಿದಂಥ ಒಂದು ತಡೆ ಉಳಿದುಕೊಳ್ಳಬಹುದು. ಅದಕ್ಕೆ ಕಾರಣ ಸಿಡಿಯಲ್ಲ, ಎಂಪಿ3. ಎಂಪಿ3 ಧ್ವನಿಯನ್ನು 1,152 ಅಳತೆಗಳ ಕಟ್ಟುಗಳಾಗಿ ಹಿಡಿಯುತ್ತದೆ. ಆಡಿಯೊ ಸಿಡಿಯ ವೇಗದಲ್ಲಿ ಒಂದು ಕಟ್ಟು ಎಂದರೆ ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗದ ಆಸುಪಾಸು. ನಿಮ್ಮ ತುಂಡು ಅರ್ಧ ಕಟ್ಟಿಗೆ ಮುಗಿದರೆ ಉಳಿದರ್ಧವನ್ನು ಅದು ಮೌನದಿಂದ ತುಂಬುತ್ತದೆ, ತುಂಡಿನ ಆರಂಭದಲ್ಲಿಯೂ ಒಂದಿಷ್ಟು ಮೌನವನ್ನು ಸೇರಿಸುತ್ತದೆ. ಬಿಡಿ ಹಾಡಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ, ನಿರಂತರವಾದ ಹಾಡಿಕೆಯಲ್ಲಿ ಮಾತ್ರ ಕಿವಿಗೆ ತಾಗುತ್ತದೆ. ಆದ್ದರಿಂದ ಆಡಿಯೊ ಸಿಡಿ ಮಾಡುವ ಉದ್ದೇಶವಿದ್ದರೆ ಎಂಪಿ3 ದಾರಿಯನ್ನೇ ಹಿಡಿಯಬೇಡಿ. ಕ್ಯಾಸೆಟ್ಟಿನಿಂದ ಇಳಿಸಿದ್ದನ್ನು ಕುಗ್ಗಿಸದ ವೇವ್ ರೂಪದಲ್ಲೇ ಇಟ್ಟುಕೊಂಡು, ಆಡಾಸಿಟಿಯಲ್ಲಿ ಸೆಕೆಂಡಿಗೆ 75 ಸಿಡಿ ಫ್ರೇಮುಗಳ ಅಳತೆಗೋಲನ್ನು ಆರಿಸಿ, ಆ ಗೆರೆಗಳ ಮೇಲೆಯೇ ತುಂಡು ಮಾಡಿ. ಆಡಿಯೊ ಸಿಡಿಯ ಟ್ರ್ಯಾಕುಗಳು ಆರಂಭವಾಗುವುದು ಮತ್ತು ಮುಗಿಯುವುದು ಆ ಫ್ರೇಮುಗಳ ಅಂಚಿನಲ್ಲೇ ಆದ್ದರಿಂದ ಜೋಡಣೆ ಕಿವಿಗೆ ತಿಳಿಯುವುದಿಲ್ಲ.

ಎಲ್ಲಿ ತುಂಡು ಮಾಡಬೇಕು ಎಂಬುದು ಯಂತ್ರಕ್ಕಿಂತ ಕೇಳುವವರ ವಿವೇಕಕ್ಕೆ ಬಿಟ್ಟದ್ದು. ಐದೈದು ನಿಮಿಷಕ್ಕೊಂದು ಎಂದು ಸಾಫ್ಟ್‌ವೇರಿಗೆ ಹೇಳಿ ಕುಳಿತರೆ ಅದು ವಾಲಿಯ ಮಾತನ್ನೂ ಅರ್ಧಕ್ಕೆ ಕತ್ತರಿಸುತ್ತದೆ, ಕರ್ಣನ ಮಾತನ್ನೂ ಅರ್ಧಕ್ಕೆ ಕತ್ತರಿಸುತ್ತದೆ. ಪದ್ಯ ಮುಗಿದು, ಮದ್ದಳೆಯ ಕೊನೆಯ ಪೆಟ್ಟು ಅಡಗಿ, ಅರ್ಥಧಾರಿ ಮಾತಿಗೆ ತೊಡಗುವ ಮುನ್ನ ಉಸಿರೆಳೆದುಕೊಳ್ಳುವಷ್ಟು ಬಿಡುವು ಇರುತ್ತದೆಯಲ್ಲ, ಅಲ್ಲಿ ಕತ್ತರಿಸಿ. ಹಾಗೆ ಮಾಡಿದರೆ ಒಂದೊಂದು ಟ್ರ್ಯಾಕೂ ಒಂದು ಸಂಭಾಷಣೆಯೋ ಒಂದು ಪದ್ಯವೋ ಆಗಿ, ಮುಂದೆ ಹುಡುಕುವವರಿಗೂ ಅನುಕೂಲವಾಗುತ್ತದೆ. ಒಂದು ಆಡಿಯೊ ಸಿಡಿಯಲ್ಲಿ 99 ಟ್ರ್ಯಾಕುಗಳವರೆಗೆ ಅವಕಾಶವಿದೆ.

60 ನಿಮಿಷದ ಕ್ಯಾಸೆಟ್ ಒಂದು ಸಿಡಿಯಲ್ಲಿ ಹಿಡಿಸುತ್ತದೆ, 90 ನಿಮಿಷದ್ದು ಹಿಡಿಸುವುದಿಲ್ಲ. ರಾತ್ರಿಯಿಡೀ ನಡೆದ ಕೂಟವೊಂದು ಆರು ಗಂಟೆಯಷ್ಟಿದ್ದರೆ ಐದು ಸಿಡಿ ಬೇಕು. ಎಂಪಿ3 ಓದುವ ಪ್ಲೇಯರ್ ಮನೆಯಲ್ಲಿದ್ದರೆ ಅದೇ ಆರು ಗಂಟೆಯನ್ನು 96 ಕೆಬಿಪಿಎಸ್ ಮೊನೊ ರೂಪದಲ್ಲಿ, ಅಂದರೆ ಎಡ ಬಲ ಎಂದು ಬೇರೆ ಮಾಡದೆ, 260 ಎಂಬಿಯೊಳಗೆ ಇಳಿಸಬಹುದು. ಒಂದೇ ಮೈಕಿನಿಂದ ಹಿಡಿದ ಧ್ವನಿಗೆ ಸ್ಟೀರಿಯೊ ಬೇಕಾಗಿಲ್ಲ. ಇನ್ನೂ ಕೆಳಗೆ 64ಕ್ಕೋ 48ಕ್ಕೋ ಇಳಿಯುವುದು ಬೇಡ. ಮಾತು ಚೆನ್ನಾಗಿಯೇ ಕೇಳುತ್ತದೆ, ಆದರೆ ಚೆಂಡೆಯ ಪೆಟ್ಟಿನ ಮೊನೆ ಮಸುಕಾಗುತ್ತದೆ. ಥಟ್ಟನೆ ಬೀಳುವ ಪೆಟ್ಟಿಗೆ ತುಸು ಮೊದಲೇ ಒಂದು ಬಗೆಯ ಸರಸರ ಸದ್ದು ಹರಡಿಕೊಳ್ಳುವುದು ಕಡಿಮೆ ಬಿಟ್‌ರೇಟಿನ ಎಂಪಿ3ಯ ಪರಿಚಿತ ದೋಷ. ತಾಳ, ಚೆಂಡೆ, ಜಾಗಟೆಗಳಂಥ ವಾದ್ಯಗಳಲ್ಲಿಯೇ ಅದು ಹೆಚ್ಚು ಎದ್ದು ಕಾಣುತ್ತದೆ.

ಪ್ರಶ್ನೆ: ಹೀಗೆ ಮನೆಯಲ್ಲಿ ಸಿಡಿ ಬರೆಯುವುದು ಕಾನೂನಿಗೆ ವಿರುದ್ಧವೇ? (ಓದುಗರು, ಮೈಸೂರು)

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಖಾಸಗಿ ಹಾಗೂ ಸ್ವಂತ ಉಪಯೋಗಕ್ಕಾಗಿ ಮಾಡುವ ನ್ಯಾಯವಾದ ಬಳಕೆಯನ್ನು ಉಲ್ಲಂಘನೆ ಎಂದು ಪರಿಗಣಿಸುವುದಿಲ್ಲ. ನೀವು ಹಣ ಕೊಟ್ಟು ಕೊಂಡ ಹಾಡನ್ನು ನಿಮ್ಮ ಕಾರಿಗೆಂದು ಸಿಡಿಗೆ ಬರೆದುಕೊಳ್ಳುವುದಕ್ಕೂ, ಅದನ್ನೇ ಐವತ್ತು ಪ್ರತಿ ಮಾಡಿ ಜಾತ್ರೆಯಲ್ಲಿ ಮಾರುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ನಮ್ಮಲ್ಲಿ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಚಂದಾ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡುಗಳು ಬೀಗ ಹಾಕಿದ ಸ್ಥಿತಿಯಲ್ಲಿರುತ್ತವೆ. ಅವು ಆ ಆ್ಯಪ್‌ನೊಳಗೆ ಮಾತ್ರ ತೆರೆದುಕೊಳ್ಳುವುದರಿಂದ ಸಿಡಿಗೆ ಬರೆಯಲು ಬರುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಬರೆದ ಸಿಡಿ ಎಷ್ಟು ವರ್ಷ ಬಾಳುತ್ತದೆ? ಅದರ ಮೇಲೆ ಫೋಟೊ ಮುದ್ರಿಸಿದ ಲೇಬಲ್ ಅಂಟಿಸಬಹುದೇ? (ಓದುಗರು, ಕುಂದಾಪುರ)

ಉತ್ತರ: ಲೇಬಲ್ ಅಂಟಿಸಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಹಾಗೆ ಮಾಡಿ ಕಳೆದುಕೊಂಡಿದ್ದೇನೆ. 2003ರಲ್ಲಿ ನಮ್ಮ ಅಜ್ಜಿ ಹಾಡಿದ ಒಂಬತ್ತು ಶೋಭಾನೆ ಹಾಡುಗಳನ್ನು ಸಿಡಿಗೆ ಬರೆದು, ಅವರ ಫೋಟೊ ಇರುವ ಕಾಗದದ ಲೇಬಲನ್ನು ಅಕ್ಕರೆಯಿಂದ ಅಂಟಿಸಿದ್ದೆ. ಹನ್ನೆರಡು ವರ್ಷಗಳ ಬಳಿಕ ತೆಗೆದು ನೋಡಿದಾಗ ಮಳೆಗಾಲದ ತೇವಕ್ಕೆ ಲೇಬಲಿನ ಅಂಚು ಎದ್ದಿತ್ತು. ಸರಿಪಡಿಸಲೆಂದು ಮೆಲ್ಲನೆ ಎಳೆದೆ. ಕಾಗದದ ಹಿಂಬದಿಗೆ ಬೆಳ್ಳಿಯ ಬಣ್ಣದ ಪೊರೆ ಅಂಟಿಕೊಂಡು ಬಂತು. ಸಿಡಿಯನ್ನು ಎತ್ತಿ ಹಿಡಿದರೆ ಆ ಜಾಗದಲ್ಲಿ ಕಿಟಕಿಯ ಬೆಳಕು ನೇರವಾಗಿ ಕಾಣುತ್ತಿತ್ತು. ಒಂಬತ್ತರಲ್ಲಿ ಏಳು ಹಾಡುಗಳು ಬೇರೆ ಕಡೆ ಇದ್ದವು, ಎರಡು ಇರಲಿಲ್ಲ.

ಸಿಡಿಯ ರಚನೆ ತಿಳಿದಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಹೊಳೆಯುವ ಕೆಳಬದಿಯೇ ನಾಜೂಕಾದದ್ದು ಎಂದು ನಾವೆಲ್ಲ ತಿಳಿಯುತ್ತೇವೆ. ವಾಸ್ತವದಲ್ಲಿ ಆ ಬದಿಯಲ್ಲಿ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನ ರಕ್ಷಣೆಯಿದೆ. ಹಾಡುಗಳನ್ನು ಹಿಡಿದಿಟ್ಟ ಬಣ್ಣದ ಪದರವೂ ಅದರ ಬೆನ್ನಿಗಿರುವ ಲೋಹದ ಪೊರೆಯೂ ಇರುವುದು ನಾವು ಹೆಸರು ಬರೆಯುವ ಮೇಲ್ಬದಿಗೆ ತೀರಾ ಸಮೀಪ. ಅವುಗಳಿಗೂ ಹೊರಗಿನ ಗಾಳಿಗೂ ನಡುವೆ ತೆಳ್ಳನೆಯ ಮೆರುಗೆಣ್ಣೆಯ ಲೇಪವಷ್ಟೇ ಇದೆ. ಕೆಳಬದಿಯ ಸಣ್ಣ ಗೀರನ್ನು ಪ್ಲೇಯರ್ ಸಂಭಾಳಿಸಿಕೊಳ್ಳುತ್ತದೆ, ಮೇಲ್ಬದಿಯ ಗೀರಿಗೆ ಮದ್ದಿಲ್ಲ. ಆದ್ದರಿಂದ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು. ಮೆತ್ತನೆಯ ತುದಿಯ ಸಿಡಿ ಮಾರ್ಕರಿನಿಂದ, ಸಾಧ್ಯವಾದರೆ ನಡುವಿನ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ. ಒರೆಸುವಾಗ ಗುಂಡಗೆ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ.

ಬಣ್ಣದ ಪದರಕ್ಕೆ ಬಿಸಿಲು, ಶಾಖ, ತೇವ ಮೂರೂ ಆಗದು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಏಪ್ರಿಲ್ ತಿಂಗಳಿಡೀ ಬಿದ್ದ ಸಿಡಿ ಒಂದೆರಡು ವರ್ಷದಲ್ಲೇ ಕೈಕೊಡಬಹುದು. ತಂಪಾದ ಕತ್ತಲ ಕಪಾಟಿನಲ್ಲಿ, ಡಬ್ಬಿಯಲ್ಲಿ ನಿಲ್ಲಿಸಿಟ್ಟದ್ದು ಇಪ್ಪತ್ತು ವರ್ಷ ದಾಟಿದ ಮೇಲೂ ಹಾಡುತ್ತಿರುವುದನ್ನು ನಾನು ಕಂಡಿದ್ದೇನೆ. ಆದರೂ ಸಿಡಿಯೊಂದನ್ನೇ ನಂಬಬೇಡಿ. ಅದು ಕೇಳುವುದಕ್ಕೆ ಮಾಡಿದ ಪ್ರತಿ; ಮೂಲ ಫೈಲುಗಳು ಕಂಪ್ಯೂಟರಿನಲ್ಲೊಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲೊಂದು ಇರಲಿ. ನಿಮ್ಮ ಮನೆಯಲ್ಲಿ ಹತ್ತು ವರ್ಷ ಮೀರಿದ ಸಿಡಿಗಳಿದ್ದರೆ ಈ ಭಾನುವಾರವೇ ತೆಗೆದು, ಒಂದೊಂದಾಗಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಒಂದು ಡ್ರೈವ್ ಓದಲಿಲ್ಲವೆಂದು ಕೈಬಿಡಬೇಡಿ. ನೆರೆಮನೆಯವರ ಬೇರೆ ಕಂಪ್ಯೂಟರಿನ ಡ್ರೈವ್ ಅದೇ ಸಿಡಿಯನ್ನು ಓದಿದ ಉದಾಹರಣೆಗಳು ನನ್ನ ಅನುಭವದಲ್ಲೇ ಹಲವಾರಿವೆ.